ಲೀಸಾ ಸು ಮತ್ತು ನಮ್ಮ ನೀಲಿ ಪೆನ್ಸಿಲ್

ಐದನೇ ಸೆಮಿಸ್ಟರ್‌ನಲ್ಲಿ ನಮಗೆ ವಿಎಲ್‌ಎಸ್‌ಐ ಅನ್ನೋ ವಿಷಯ ಇತ್ತು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ನೆನಪಿರುತ್ತೆ, ಆ ಪರೀಕ್ಷೆಗೆ ಹೋಗುವಾಗ ಡ್ರಾಯಿಂಗ್ ಕ್ಲಾಸಿನ ಮಕ್ಕಳ ಹಾಗೆ ಬಣ್ಣದ ಪೆನ್ಸಿಲ್ ತಗೊಂಡು ಹೋಗಬೇಕು. ಟ್ರಾನ್ಸಿಸ್ಟರ್‌ಗಳ ನಕ್ಷೆ ಬರೆಯುವಾಗ ಹಸಿರು ಗೆರೆ ಅಂದರೆ ಡಿಫ್ಯೂಷನ್, ಕೆಂಪು ಅಂದರೆ ಪಾಲಿಸಿಲಿಕಾನ್, ನೀಲಿ ಅಂದರೆ ಲೋಹ. ಅಂದರೆ ಒಂದು ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ಹೋಗುವ ತಂತಿ. ನನ್ನ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೊದಲು ಸವೆದು ಹೋಗ್ತಿದ್ದಿದ್ದು ನೀಲಿ ಪೆನ್ಸಿಲ್.

ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇದ್ದೆವು. ಅಷ್ಟೂ ಬಣ್ಣ ಬಳಿದ ಮೇಲೆ ಏನಾಯ್ತು ಅಂತೀರಾ? ಕ್ಯಾಂಪಸ್ ಸಂದರ್ಶನ ಬಂತು, ಹೆಚ್ಚು ಕಡಿಮೆ ಎಲ್ಲರೂ ಸಾಫ್ಟ್‌ವೇರ್‌ಗೆ ಹೋದೆವು. ನಾನೂ ಹೋದೆ. ಅದಕ್ಕೇನೂ ಬೇಜಾರಿಲ್ಲ, ಕೋಡ್ ಬರೆಯೋದು ನನಗೆ ಇಷ್ಟ. ಆದರೆ ಹೋದ ತಿಂಗಳು ಆಫೀಸಿನಲ್ಲಿ ಅಪ್ರೈಸಲ್ ಮಾತುಕತೆ ನಡೆಯಿತು. 'ನೀವು ಎಲ್ಲರ ಹತ್ತಿರ ಚೆನ್ನಾಗಿ ಮಾತಾಡ್ತೀರಿ, ಟೀಮನ್ನು ಒಟ್ಟಿಗೆ ಇಟ್ಟುಕೊಳ್ತೀರಿ. ಕೋಡಿಂಗ್ ಯಾಕೆ ಇನ್ನೂ? ಪ್ರೋಗ್ರಾಂ ಮ್ಯಾನೇಜ್‌ಮೆಂಟ್ ಕಡೆ ಬಂದುಬಿಡಿ' ಅಂದರು. ಹೊಗಳಿಕೆಯೇ ಅದು. ಮನೆಗೆ ಬಂದು ಹಳೆಯ ಗೆಳತಿಯರ ಗ್ರೂಪಿನಲ್ಲಿ ಹಾಕಿದರೆ, ಇನ್ನೂ ಮೂವರಿಗೆ ಬೇರೆ ಬೇರೆ ಕಂಪನಿಗಳಲ್ಲಿ ಇದೇ ಮಾತು ಹೇಳಿದ್ದಾರಂತೆ! ನಮ್ಮ ಜೊತೆ ಓದಿದ ಹುಡುಗರಲ್ಲಿ ಒಬ್ಬನಿಗೂ ಹೇಳಿಲ್ಲ. ಅವರೆಲ್ಲ ಆರ್ಕಿಟೆಕ್ಟ್ ಆಗ್ತಾ ಇದ್ದಾರೆ.

ಆ ರಾತ್ರಿ ನಿದ್ದೆ ಬರದೆ ನಾನು ಓದಲು ಕೂತಿದ್ದು ಲೀಸಾ ಸು ಬಗ್ಗೆ. ನಿಮ್ಮ ಮನೆಯಲ್ಲಿ ಪ್ಲೇಸ್ಟೇಷನ್ ಇದ್ದರೆ, ಅಥವಾ ಮಗನ ಲ್ಯಾಪ್‌ಟಾಪಿನ ಮೇಲೆ 'ರೈಜೆನ್' ಅನ್ನೋ ಸ್ಟಿಕ್ಕರ್ ಇದ್ದರೆ, ಇವರ ಕೆಲಸ ನಿಮ್ಮ ಮನೆಯೊಳಗೇ ಇದೆ. ಎಎಂಡಿ ಅನ್ನೋ ಚಿಪ್ ಕಂಪನಿಯ ಸಿಇಒ ಅವರು.

ಹುಟ್ಟಿದ್ದು 1969ರಲ್ಲಿ, ತೈವಾನಿನ ತೈನಾನ್‌ನಲ್ಲಿ. ಪುಟ್ಟ ಮಗುವಾಗಿದ್ದಾಗಲೇ ಕುಟುಂಬ ನ್ಯೂಯಾರ್ಕಿಗೆ ಹೋಯಿತು. ಅಪ್ಪ ಸಂಖ್ಯಾಶಾಸ್ತ್ರಜ್ಞರು, ಅಮ್ಮ ಲೆಕ್ಕಪತ್ರ ನೋಡುತ್ತಿದ್ದವರು, ಆಮೇಲೆ ಸ್ವಂತ ವ್ಯವಹಾರ ಶುರು ಮಾಡಿದವರು. ಅಪ್ಪ ಮನೆಯಲ್ಲಿ ಮಗ್ಗಿ ಕೇಳೋರಂತೆ. (ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ಊಟದ ತಟ್ಟೆ ಮುಂದೆ ಕಣ್ಣೀರು ಹಾಕಿದ ನನಗೆ ಇದನ್ನು ಓದಿ ಸಮಾಧಾನವಾಯ್ತು.) ಹತ್ತು ವರ್ಷಕ್ಕೆ ತಮ್ಮನ ರಿಮೋಟ್ ಕಾರುಗಳನ್ನು ಬಿಚ್ಚಿ ರಿಪೇರಿ ಮಾಡೋ ಹುಚ್ಚು ಹತ್ತಿತು. ಪಿಯಾನೋ ಕೂಡ ಗಂಭೀರವಾಗಿ ಕಲಿತರು, ಆದರೆ ಅದರಲ್ಲೇ ಬದುಕುವಷ್ಟು ಪ್ರತಿಭೆ ತನಗಿಲ್ಲ ಅಂತ ಅವರಿಗೇ ಅನ್ನಿಸಿತಂತೆ. ಎಂಐಟಿಗೆ ಸೇರಿದಾಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಆರಿಸಿಕೊಂಡಿದ್ದು ಯಾಕೆ ಗೊತ್ತಾ? ಅದೇ ಎಲ್ಲಕ್ಕಿಂತ ಕಷ್ಟದ್ದು ಅಂತ ಕಂಡಿತು, ಅದಕ್ಕೆ. ನಮ್ಮಲ್ಲಿ ಸಿಇಟಿ ಕೌನ್ಸೆಲಿಂಗ್ ದಿನ ಯಾವ ಮಗು ಹೀಗೆ ಹೇಳಿದರೂ ಅಪ್ಪ ಅಮ್ಮ ಕೈ ಹಿಡಿದು ಹೊರಗೆ ಕರಕೊಂಡು ಹೋಗಿ ಬುದ್ಧಿ ಹೇಳ್ತಾರೆ.

ಅಲ್ಲಿ ಪದವಿಯ ಮೊದಲ ದಿನಗಳಲ್ಲೇ ಲ್ಯಾಬಿನಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ಸಿಲಿಕಾನ್ ಬಿಲ್ಲೆ ತಯಾರಿಸಿಕೊಡುವ ಕೆಲಸ ಸಿಕ್ಕಿತು. ಆ ಬಿಲ್ಲೆ ಅವರನ್ನು ಆಮೇಲೆ ಬಿಡಲಿಲ್ಲ. 1990ರಲ್ಲಿ ಪದವಿ, 1991ರಲ್ಲಿ ಸ್ನಾತಕೋತ್ತರ, 1994ರಲ್ಲಿ ಡಾಕ್ಟರೇಟ್. ಮೂರೂ ಅಲ್ಲಿಯೇ. ಸ್ವಲ್ಪ ದಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದು, 1995ರಲ್ಲಿ ಐಬಿಎಂ ಸೇರಿದರು.

ನನ್ನ ನೀಲಿ ಗೆರೆ ಇಲ್ಲಿ ಬರುತ್ತೆ. ಚಿಪ್ಪಿನೊಳಗಿನ ಆ ತಂತಿ ದಶಕಗಳ ಕಾಲ ಅಲ್ಯೂಮಿನಿಯಂದೇ ಆಗಿತ್ತು. ತಾಮ್ರ ಅದಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುತ್ತೆ ಅಂತ ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಹಾಗಾದರೆ ತಾಮ್ರ ಯಾಕೆ ಹಾಕಿರಲಿಲ್ಲ? ಅಜ್ಜಿಯನ್ನು ಕೇಳಿ. ತಾಮ್ರದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಹಾಕಿಟ್ಟರೆ ವಿಷ ಆಗುತ್ತೆ ಅಂತಾರೆ. ಅದಕ್ಕೇ ಹಿಂದೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದ. ಚಿಪ್ಪಿನಲ್ಲೂ ಅದೇ ಗೋಳು. ತಾಮ್ರದ ಕಣಗಳು ಮೆಲ್ಲಗೆ ಸಿಲಿಕಾನಿನೊಳಗೆ ನುಸುಳಿ ಟ್ರಾನ್ಸಿಸ್ಟರನ್ನೇ ಕೆಡಿಸಿಬಿಡುತ್ತವೆ. ಹಾಗಾಗಿ ತಾಮ್ರದ ತಂತಿಗೂ ಸಿಲಿಕಾನಿಗೂ ನಡುವೆ ಕಲಾಯಿಯಂಥ ಒಂದು ತೆಳು ತಡೆಪದರ ಬೇಕು. ಪದರ ದಪ್ಪ ಆದರೆ ತಾಮ್ರ ಹಾಕಿದ್ದೇ ದಂಡ, ತೀರಾ ತೆಳುವಾದರೆ ಸೋರುತ್ತೆ. ಐಬಿಎಂನಲ್ಲಿ ಈ ಸಮಸ್ಯೆಗೆ ತಲೆ ಕೊಟ್ಟ ತಂಡದಲ್ಲಿ ಲೀಸಾ ಸು ಇದ್ದರು, ತಾಮ್ರದ ಕಲ್ಮಶ ಸಿಲಿಕಾನಿಗೆ ಸೇರದಂತೆ ನೋಡಿಕೊಳ್ಳುವುದೇ ಅವರ ಮುಖ್ಯ ಕೆಲಸ. ತಮಾಷೆ ಏನೆಂದರೆ ಅವರ ಡಾಕ್ಟರೇಟ್ ವಿಷಯವೇ ಬೇರೆ. ತಾಮ್ರ ತನ್ನ ವಿಷಯವಲ್ಲ, ಆದರೆ ಸಮಸ್ಯೆ ಇದ್ದಲ್ಲಿಗೆ ನಾನು ಹೋದೆ ಅನ್ನೋ ಅರ್ಥದಲ್ಲಿ ಹೇಳಿಕೊಂಡಿದ್ದಾರೆ. 1998ರಲ್ಲಿ ತಾಮ್ರದ ತಂತಿಯ ಚಿಪ್ ಮಾರುಕಟ್ಟೆಗೆ ಬಂತು, ವೇಗ ಶೇ 20ರವರೆಗೆ ಹೆಚ್ಚು. ಆಮೇಲೆ ಇಡೀ ಉದ್ಯಮ ಅದೇ ದಾರಿ ಹಿಡಿಯಿತು. ನನ್ನ ಪೆನ್ಸಿಲ್ ನೀಲಿ ಆದರೂ ನಾನು ಬರೆದಿದ್ದು ತಾಮ್ರವನ್ನೇ ಅಂತ ಆವತ್ತು ಮೇಷ್ಟ್ರು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

2000ದಲ್ಲಿ ಐಬಿಎಂ ಮುಖ್ಯಸ್ಥ ಲೂ ಗರ್ಸ್ಟ್‌ನರ್ ಅವರ ತಾಂತ್ರಿಕ ಸಹಾಯಕಿಯಾಗಿ ಒಂದು ವರ್ಷ ಕೆಲಸ ಮಾಡಿದರು. ದೊಡ್ಡ ಕಂಪನಿ ಮೇಲಿನಿಂದ ಹೇಗೆ ಕಾಣುತ್ತೆ ಅನ್ನೋದನ್ನು ಅಲ್ಲಿ ಕಲಿತರು. ನಂತರ ಸೋನಿ, ತೋಷಿಬಾ ಜೊತೆ ಸೇರಿ ಪ್ಲೇಸ್ಟೇಷನ್ 3ಕ್ಕೆ ಮಾಡಿದ ಸೆಲ್ ಪ್ರೊಸೆಸರ್ ಕೆಲಸ, 2007ರಲ್ಲಿ ಫ್ರೀಸ್ಕೇಲ್ ಕಂಪನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ ಹುದ್ದೆ. ಎಂಐಟಿಯಲ್ಲಿ 2017ರಲ್ಲಿ ಮಾಡಿದ ಭಾಷಣವೊಂದರಲ್ಲಿ ಅವರೊಂದು ಮಾತು ಹೇಳಿದ್ದಾರೆ: ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಐಟಿಯ ಪಿಎಚ್‌ಡಿಗಳು ಹಾರ್ವರ್ಡ್ ಎಂಬಿಎಗಳ ಕೈಕೆಳಗೆ ಕೆಲಸ ಮಾಡೋದನ್ನು ನೋಡಿ, ಇದು ಯಾಕೆ ಹೀಗೆ ಅಂತ ಅವರಿಗೆ ಅರ್ಥವಾಗಲಿಲ್ಲವಂತೆ. ಅದನ್ನು ಓದಿ ನಾನು ಎದ್ದು ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬಂದೆ.

2012ರ ಜನವರಿಯಲ್ಲಿ ಎಎಂಡಿ ಸೇರಿದಾಗ ಆ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಸ್ವಂತ ಚಿಪ್ ಕಾರ್ಖಾನೆಗಳನ್ನು 2009ರಲ್ಲೇ ಬೇರೆ ಮಾಡಿಯಾಗಿತ್ತು. 2011ರ 'ಬುಲ್ಡೋಜರ್' ಪ್ರೊಸೆಸರ್ ಸೋತಿತ್ತು. 2013ರಲ್ಲಿ ಆಸ್ಟಿನ್ ನಗರದ ತನ್ನದೇ ಕ್ಯಾಂಪಸ್ ಮಾರಿ, ಅದರಲ್ಲೇ ಬಾಡಿಗೆಗೆ ಇರುವ ಹಾಗಾಯಿತು. ಮನೆ ಮಾರಿ ಅದೇ ಮನೆಯಲ್ಲಿ ಬಾಡಿಗೆದಾರರಾಗೋದು ಅಂದರೆ ಹೇಗಿರುತ್ತೆ ಅಂತ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಸರ್ವರ್ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಕಾಲು ಭಾಗದ ಹತ್ತಿರ ಇದ್ದ ಪಾಲು ಮುಂದೆ ಶೇ 1ಕ್ಕೂ ಕೆಳಗೆ ಬಿತ್ತು. ಆಟದ ಯಂತ್ರಗಳ ಚಿಪ್ ಒಂದೇ ಆಸರೆ: 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಎಎಂಡಿ ಚಿಪ್ಪೇ ಇತ್ತು. 2014ರ ಅಕ್ಟೋಬರ್ 8ರಂದು ಲೀಸಾ ಸು ಸಿಇಒ ಆದರು. ಷೇರಿನ ಬೆಲೆ ಸುಮಾರು ಮೂರು ಡಾಲರ್, ಮರುವರ್ಷ ಎರಡು ಡಾಲರಿಗಿಂತಲೂ ಕೆಳಗೆ ಹೋಯಿತು.

ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಶೇ 7ರಷ್ಟು ಉದ್ಯೋಗಿಗಳನ್ನು ತೆಗೆದರು. ಯಶಸ್ಸಿನ ಕಥೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡ್ತಾರೆ. ನನಗೆ ದಾಟೋಕೆ ಆಗ್ತಿಲ್ಲ. ಸುಮಾರು 700 ಜನರ ಮನೆಯ ವಿಷಯ ಅದು.

ಉಳಿದವರಿಗೆ ಅವರು ಹೇಳಿದ್ದು ಮೂರೇ ಮಾತು: ಒಳ್ಳೆಯ ಉತ್ಪನ್ನ ಮಾಡಿ, ಗ್ರಾಹಕರ ನಂಬಿಕೆ ಉಳಿಸಿಕೊಳ್ಳಿ, ವ್ಯವಹಾರ ಸರಳ ಮಾಡಿ. ಆಗ ಎಲ್ಲರ ಕಣ್ಣೂ ಮೊಬೈಲ್ ಚಿಪ್ ಮೇಲೆ. ಎಎಂಡಿ ಅತ್ತ ಹೋಗಲಿಲ್ಲ. ನಮಗೆ ಬರೋದು ಶಕ್ತಿಶಾಲಿ ಕಂಪ್ಯೂಟರ್ ಚಿಪ್, ಅದನ್ನೇ ಮಾಡೋಣ ಅಂತ ಕೂತರು. 'ಜೆನ್' ಅನ್ನೋ ಹೊಸ ವಿನ್ಯಾಸವನ್ನು ಮೊದಲಿನಿಂದ ಬರೆದರು. ಹಿಂದಿನದಕ್ಕಿಂತ ಪ್ರತಿ ಗಡಿಯಾರ ಬಡಿತಕ್ಕೆ ಶೇ 40 ಹೆಚ್ಚು ಕೆಲಸ ಅನ್ನೋದು ಗುರಿ, ಕೊನೆಗೆ ಸಿಕ್ಕಿದ್ದು ಶೇ 52. 2017ರ ಮಾರ್ಚ್‌ನಲ್ಲಿ ರೈಜೆನ್ ಬಂದಾಗ ಎಂಟು ಕೋರಿನ ಚಿಪ್ 499 ಡಾಲರಿಗೆ ಸಿಕ್ಕಿತು, ಇಂಟೆಲ್‌ನ ಎಂಟು ಕೋರಿಗೆ ಆಗ 1000 ಡಾಲರಿಗಿಂತ ಹೆಚ್ಚು ಕೊಡಬೇಕಿತ್ತು. ಇದರಲ್ಲಿ ಎಲ್ಲ ಕೀರ್ತಿ ಒಬ್ಬರಿಗೇ ಕೊಡೋದು ತಪ್ಪು. ಜೆನ್ ಕೆಲಸ ಶುರುವಾಗಿದ್ದು ಇವರು ಸಿಇಒ ಆಗೋದಕ್ಕೆ ಮುಂಚೆ. ಮಾರ್ಕ್ ಪೇಪರ್‌ಮಾಸ್ಟರ್, ಜಿಮ್ ಕೆಲ್ಲರ್, ಮೈಕ್ ಕ್ಲಾರ್ಕ್ ಮುಂತಾದವರ ಬೆವರು ಅದರಲ್ಲಿದೆ. ಆದರೆ ಹಣ ಬತ್ತಿಹೋದ ವರ್ಷಗಳಲ್ಲಿ ಆ ಕೆಲಸಕ್ಕೆ ಕತ್ತರಿ ಹಾಕದೆ ಕಾದಿದ್ದಾರಲ್ಲ, ಅದು ಇವರದು. ಚಿಪ್ ಅಂದರೇನು ಅಂತ ಕೈಯಲ್ಲಿ ಹಿಡಿದು ಗೊತ್ತಿಲ್ಲದವರಿಗೆ ನಾಲ್ಕು ವರ್ಷ ಹಾಗೆ ಕಾಯೋ ಧೈರ್ಯ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು ಉಪಾಯ ನಮ್ಮ ಅಡುಗೆಮನೆಯದ್ದೇ. ಕಾವಲಿ ತುಂಬಾ ಒಂದೇ ದೊಡ್ಡ ದೋಸೆ ಹುಯ್ದರೆ, ಒಂದು ಕಡೆ ಹತ್ತಿಕೊಂಡರೂ ಇಡೀ ದೋಸೆ ಹಾಳು. ಪಡ್ಡು ಮಾಡಿದರೆ? ಒಂದು ಗುಂಡಿಯದು ಸೀದು ಹೋದರೆ ಅದೊಂದನ್ನೇ ಎಸೆದರಾಯ್ತು. ಸರ್ವರ್ ಚಿಪ್ಪಿಗೆ ಎಎಂಡಿ ಮಾಡಿದ್ದು ಇದನ್ನೇ. 2017ರ ಎಪಿಕ್ ಚಿಪ್ಪಿನಲ್ಲಿ ದೊಡ್ಡ ಸಿಲಿಕಾನ್ ಹಾಳೆಯ ಬದಲು ನಾಲ್ಕು ಚಿಕ್ಕ ತುಂಡು ಜೋಡಿಸಿ 32 ಕೋರ್ ಮಾಡಿದರು. ಹೀಗೆ ಮಾಡಿದ್ದರಿಂದ ಖರ್ಚು ಸುಮಾರು ಶೇ 40 ಉಳಿಯಿತು ಅಂತ ಕಂಪನಿಯ ಲೆಕ್ಕ. ಈಗ ಈ 'ಚಿಪ್ಲೆಟ್' ವಿಧಾನ ಇಂಟೆಲ್ ಕೂಡ ಬಳಸುತ್ತೆ.

ಮುಂದಿನದು ನಿಮಗೆ ಸುದ್ದಿಯಲ್ಲಿ ಗೊತ್ತಿರಬಹುದು. 2022ರಲ್ಲಿ ಎಎಂಡಿಯ ಮಾರುಕಟ್ಟೆ ಮೌಲ್ಯ ಮೊದಲ ಸಲ ಇಂಟೆಲ್ ಅನ್ನು ದಾಟಿತು, ಅದೇ ವರ್ಷ ಝೈಲಿಂಕ್ಸ್ ಕಂಪನಿಯನ್ನು ಕೊಂಡರು. ಎರಡು ಡಾಲರಿಗೆ ಇಳಿದಿದ್ದ ಷೇರು 2024ರಲ್ಲಿ 200 ಡಾಲರ್ ದಾಟಿತು. ಅರೆವಾಹಕ ಕ್ಷೇತ್ರದ ದೊಡ್ಡ ಗೌರವವಾದ ಐಇಇಇ ರಾಬರ್ಟ್ ನಾಯ್ಸ್ ಪದಕ 2021ರಲ್ಲಿ ಸಿಕ್ಕಿತು, ಅದನ್ನು ಪಡೆದ ಮೊದಲ ಮಹಿಳೆ. ಎಂಐಟಿಯಲ್ಲಿ ಒಂದು ಕಟ್ಟಡಕ್ಕೆ ಅವರ ಹೆಸರಿದೆ. ಹಾಗಂತ ಎಲ್ಲ ಗೆದ್ದಾಯ್ತು ಅಂತಲ್ಲ. ಕೃತಕ ಬುದ್ಧಿಮತ್ತೆಯ ಚಿಪ್ಪಿನಲ್ಲಿ ಎನ್‌ವಿಡಿಯಾ ತುಂಬಾ ಮುಂದೆ ಹೋಗಿದೆ. (ಅದರ ಮುಖ್ಯಸ್ಥ ಜೆನ್ಸನ್ ಹುವಾಂಗ್ ಇವರಿಗೆ ದೂರದ ಸಂಬಂಧಿ!) ಅಲ್ಲಿ ಎಎಂಡಿ ಹಿಂದೆ ಬಿದ್ದಿದ್ದು ಸಿಲಿಕಾನಿಗಿಂತ ಹೆಚ್ಚಾಗಿ ಸಾಫ್ಟ್‌ವೇರಿನಲ್ಲಿ ಅಂತ ನಮ್ಮ ಕಡೆಯ ಎಂಜಿನಿಯರುಗಳು ಹೇಳ್ತಾರೆ, ನಾನೂ ಒಪ್ಪುತ್ತೇನೆ. ಎನ್‌ವಿಡಿಯಾದ ಕೂಡಾ ಅನ್ನೋ ಸಾಫ್ಟ್‌ವೇರನ್ನು ಜನ ಹದಿನೈದು ವರ್ಷಕ್ಕೂ ಮೇಲೆ ಬಳಸಿ ಕೈ ಪಳಗಿಸಿಕೊಂಡಿದ್ದಾರೆ.

ಬೆಂಗಳೂರಿನವರಿಗೆ ಒಂದು ವಿಷಯ. 2023ರ ನವೆಂಬರ್‌ನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆದಿದ್ದು ನಮ್ಮಲ್ಲಿಯೇ. ಅಲ್ಲಿ ಸುಮಾರು 3000 ಎಂಜಿನಿಯರುಗಳಿಗೆ ಜಾಗ. ಅಂದರೆ ಬಣ್ಣದ ಪೆನ್ಸಿಲ್ ಹಿಡಿದು ಪರೀಕ್ಷೆ ಬರೆದವರು ಸಾಫ್ಟ್‌ವೇರಿಗೇ ಹೋಗಬೇಕು ಅಂತೇನಿಲ್ಲ ಈಗ. ಮೊನ್ನೆ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿ, 'ಅಕ್ಕಾ, ಎಲೆಕ್ಟ್ರಾನಿಕ್ಸ್ ತಗೊಂಡರೆ ತುಂಬಾ ಕಷ್ಟ ಅಂತೆ, ಹೌದಾ?' ಅಂದಳು. ಹೌದು ಅಂದೆ. ನಕ್ಕಳು. ಏನು ತಗೋತಾಳೋ ನೋಡಬೇಕು.

ನನ್ನ ಮ್ಯಾನೇಜರಿಗೆ ಉತ್ತರ ಕೊಡೋಕೆ ಈ ಶುಕ್ರವಾರದವರೆಗೆ ಸಮಯ ಇತ್ತು. ಮಧ್ಯಾಹ್ನವೇ ಬರೆದು ಕಳಿಸಿದೆ. ಆರು ತಿಂಗಳಿಂದ ಯಾರೂ ಮುಟ್ಟದೆ ಬಿಟ್ಟಿರುವ ಒಂದು ಹಳೆಯ ಕೋಡ್ ಇದೆ ನಮ್ಮಲ್ಲಿ, ರಾತ್ರಿ ಲೋಡ್ ಹೆಚ್ಚಾದರೆ ಮಲಗಿಬಿಡುತ್ತೆ. ಅದನ್ನು ನನಗೆ ಕೊಡಿ, ಮ್ಯಾನೇಜ್‌ಮೆಂಟ್ ವಿಷಯ ಅದು ಸರಿಯಾದ ಮೇಲೆ ಮಾತಾಡೋಣ ಅಂತ. ಇನ್ನೂ ಉತ್ತರ ಬಂದಿಲ್ಲ. ಕೋಡ್ ತೆಗೆದು ನೋಡ್ತಾ ಇದ್ದೀನಿ, ಬರೆದವರು ಯಾರೋ ಪುಣ್ಯಾತ್ಮರು, ಒಂದು ಕಾಮೆಂಟೂ ಹಾಕಿಲ್ಲ.