ಕಾಡ್ಗಿಚ್ಚಿನ ತರುವಾಯ ಮರಗಳ ಮರುಹುಟ್ಟು

ಬೇಸಗೆಯಲ್ಲಿ ಬೆಂಕಿ ಬಿದ್ದ ಕಾಡು ಮಳೆಗಾಲದಲ್ಲಿ ಪುನಃ ಹಸುರಾಗುವುದನ್ನು ಕಂಡು, ಬೆಂಕಿಯಿಂದ ಕಾಡಿಗೆ ಕೇಡೇನೂ ಇಲ್ಲವೆಂದು ತಿಳಿಯುವವರುಂಟು. ಈ ತಿಳಿವಳಿಕೆಯಲ್ಲಿ ಅರ್ಧ ಮಾತ್ರ ಸತ್ಯವಿರುವುದು. ಬೆಂಕಿಯನ್ನು ಸಹಿಸುವ ಶಕ್ತಿಯು ಅನೇಕ ಮರಗಳಿಗೆ ಉಂಟು. ಆದರೆ ಒಂದು ಬೆಂಕಿಗೂ ಮತ್ತೊಂದಕ್ಕೂ ನಡುವೆ ಸಾಕಷ್ಟು ವರ್ಷಗಳ ಬಿಡುವು ಬೇಕು.

ಅಮೆರಿಕಾ ದೇಶದ ಯೆಲ್ಲೊಸ್ಟೋನ್ ಸೀಮೆಯ ಪೈನ್ ಮರಗಳಲ್ಲಿ ಒಂದು ಜಾತಿಯುಂಟು. ಇದರ ಅನೇಕ ಮರಗಳ ಕಾಯಿಗಳು ರಾಳದಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲಿಯೇ ನಿಂತು, ಬೆಂಕಿಯ ಕಾವಿಗೆ ಬಾಯ್ದೆರೆದು ಬೀಜವನ್ನು ಚೆಲ್ಲುವುವು. 1988ರ ಮಹಾ ಅಗ್ನಿಯ ತರುವಾಯ ಅಲ್ಲಿ ಎಷ್ಟೋ ಕಡೆ ಸಸಿಗಳು ಒತ್ತಾಗಿ ಹುಟ್ಟಿದುವು. ಅವುಗಳಲ್ಲಿ ಕೆಲವು ಭಾಗಗಳಿಗೆ 2016ರಲ್ಲಿ ಪುನಃ ಬೆಂಕಿ ಬಿದ್ದಿತು. ಇಪ್ಪತ್ತೆಂಟೇ ವರ್ಷದ ಎಳೆಯ ಮರಗಳಲ್ಲಿ ಬೀಜದ ಸಂಗ್ರಹವು ಸಾಲದೆ, ಮರುಹುಟ್ಟು ಬಹಳ ವಿರಳವಾಯಿತು.

ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಸುತ್ತಣ ಕಾಡುಗಳಲ್ಲಿ ತೇಗ, ಮತ್ತಿ, ಹೊನ್ನೆ, ದಿಂಡಿಗ ಮೊದಲಾದ ಎಲೆಯುದುರುವ ಮರಗಳೇ ಮುಖ್ಯವಾದುವು. ಈ ಕಾಡುಗಳ ಬಹುಭಾಗವು 1998ರಿಂದ ಭದ್ರಾ ಹುಲಿ ರಕ್ಷಿತಾರಣ್ಯಕ್ಕೆ ಸೇರಿರುವುದು. ಇಲ್ಲಿಯ ಮರಗಳ ರಕ್ಷಣೆಯು ಕಾಯಿಯಲ್ಲಿಲ್ಲ, ತೊಗಟೆಯಲ್ಲಿಯೂ ಬೇರಿನಲ್ಲಿಯೂ ಇರುವುದು. ಮೊಸಳೆಯ ಚರ್ಮದಂತೆ ಬಿರಿದಿರುವ ಮತ್ತಿಯ ದಪ್ಪ ತೊಗಟೆಯು ಒಳಗಿನ ಜೀವಕ್ಕೆ ಕಾವು ತಗಲದಂತೆ ಕಾಪಾಡುವುದು. ಎಳೆಯ ಸಸಿಗೆ ಇಂತಹ ಕವಚವಿಲ್ಲ. ಅದರ ಕಾಂಡವು ಬುಡದವರೆಗೆ ಸುಟ್ಟುಹೋದರೂ ಬೇರು ಬದುಕಿದ್ದು, ಮಳೆ ಬೀಳಲು ಹೊಸ ಚಿಗುರನ್ನು ಕಳುಹಿಸುವುದು. ಕೆಲವು ವರ್ಷ ಬೆಂಕಿಯ ಬಾಧೆಯಿಲ್ಲದಿದ್ದರೆ ಈ ಚಿಗುರು ಉರಿಯ ಎತ್ತರವನ್ನು ಮೀರಿ ಮರವಾಗುವುದು.

ವರ್ಷ ವರ್ಷವೂ ಬೆಂಕಿ ಬಿದ್ದರೆ ಹೀಗಾಗುವುದಿಲ್ಲ. ಬೇಸಗೆಯಲ್ಲಿ ಉದುರಿದ ಬೀಜಗಳು ತರಗೆಲೆಯೊಡನೆ ಬೇಯುವುವು. ಚಿಗುರು ಮೇಲೇಳದೆ ಬೇರು ಕ್ರಮೇಣ ಸೊರಗುವುದು. ತೆರವಾದ ನೆಲವನ್ನು ಲಂಟಾನವು ಆಕ್ರಮಿಸಿ, ಮುಂದಿನ ಬೆಂಕಿಗೆ ತಾನೇ ಸೌದೆಯಾಗುವುದು. ಮುದಿ ಮರಗಳು ನಿಂತಿರುವುದರಿಂದ ಕಾಡು ಕ್ಷೇಮವಾಗಿರುವಂತೆ ತೋರುವುದು. ಆದರೆ ಅದು ಹಿರಿಯರಿದ್ದು ಮಕ್ಕಳಿಲ್ಲದ ಮನೆಯಂತೆ.

ಅಜ್ಜಂಪುರದ ಅಮೃತಮಹಲ್ ಕಾವಲಿನಂತಹ ಹುಲ್ಲುಗಾವಲುಗಳನ್ನು ಕಂಡವರು, ಸುಟ್ಟ ಹುಲ್ಲು ಬೇಗನೆ ಚಿಗುರುವುದನ್ನು ಬಲ್ಲರು. ಹುಲ್ಲಿನ ಮೊಳಕೆಯು ನೆಲದ ಮಟ್ಟದಲ್ಲಿರುವುದರಿಂದ ಹಾಗಾಗುವುದು. ಹುಲ್ಲಿನ ಈ ನ್ಯಾಯವನ್ನು ಮರದ ಸಸಿಗೆ ಅನ್ವಯಿಸಬಾರದು.

ಇದು ಅರಣ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕಡೂರು ತಾಲ್ಲೂಕಿನ ಅಯ್ಯನಕೆರೆ, ಮದಗದಕೆರೆಗಳಿಗೆ ನೀರು ಇಳಿದು ಬರುವುದು ಬಾಬಾಬುಡನ್ ಬೆಟ್ಟಗಳ ಕಡೆಯಿಂದ. ಬೆಟ್ಟವು ಸುಟ್ಟು ಬರಿದಾದರೆ ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಚಿಬಂದು ಕೆರೆಯ ಹೂಳಾಗುವುದು. ನಷ್ಟವು ಅಚ್ಚುಕಟ್ಟಿನ ರೈತನದೇ.

ಈ ಬೆಂಕಿಗಳಲ್ಲಿ ಬಹುತೇಕವು ಮನುಷ್ಯರ ಕೈಯಿಂದಲೇ ಹುಟ್ಟುವುವು. ಆದಕಾರಣ ಕಾಡಿನ ಅಂಚಿನ ಸಾಗುವಳಿದಾರರು ಫೆಬ್ರವರಿಯಿಂದ ಮುಂಗಾರಿನವರೆಗೆ ಹೊಲದ ಕಸಕಡ್ಡಿಯನ್ನು ಸುಡದೆ ಗೊಬ್ಬರದ ಗುಂಡಿಗೆ ಸೇರಿಸತಕ್ಕದ್ದು. ಹೊಸ ಹುಲ್ಲಿನ ಆಸೆಯಿಂದ ಗುಡ್ಡಕ್ಕೆ ಬೆಂಕಿಯಿಡಬಾರದು. ಮೀಸಲು ಅರಣ್ಯದಲ್ಲಿ ಹೀಗೆ ಮಾಡುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧವೂ ಹೌದು. ಕಾಡಂಚಿನಲ್ಲಿ ಹೊಗೆ ಕಂಡೊಡನೆ ಅರಣ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು. ಸಸಿ ನೆಡುವ ಖರ್ಚಿಲ್ಲದೆಯೇ ಕಾಡನ್ನು ಬೆಳೆಸಲು ಬೇರುಗಳು ನೆಲದಲ್ಲಿ ಸಿದ್ಧವಾಗಿರುವುವು. ಅವುಗಳಿಗೆ ನಾವು ಕೊಡಬೇಕಾದುದು ಕೆಲವು ವರ್ಷಗಳ ಬಿಡುವು ಮಾತ್ರ.