ಬಿಳಿಯ ಕೋಟಿನೊಳಗಿನ ಹಂಬಲ

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಎರಡರಲ್ಲಿ ಯಾವ ಹೊಸಮನೆಯ ಹುಡುಗಿಗೆ ವೈದ್ಯಕೀಯ ಸೀಟು ದೊರೆತರೂ ಅದು ಒಂದು ಮನೆಯ ಸಂತಸವಾಗಿ ಉಳಿಯದು. ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದವರೆಲ್ಲ ಅಭಿನಂದಿಸುತ್ತಾರೆ. ಏಕೆ ವೈದ್ಯಳಾಗುವೆ ಎಂದು ಆಗ ಕೇಳಿದರೆ, ಬಡವರ ಸೇವೆಗೆ ಎಂಬ ಉತ್ತರ ಬರುತ್ತದೆ. ಆ ಮಾತು ಪ್ರಾಮಾಣಿಕವೆಂದೇ ನಾವು ನಂಬುತ್ತೇವೆ. ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅದು ಏನಾಗಿರುತ್ತದೆ?

ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಮೊದಲೆರಡು ವರ್ಷ ಹೆಚ್ಚು ಬದಲಾಗದೆ ಉಳಿದ ಸಹಾನುಭೂತಿ ಮೂರನೆಯ ವರ್ಷದಲ್ಲಿ ಕುಗ್ಗಿದ್ದುದು ಅದರಲ್ಲಿ ಕಂಡುಬಂತು. ಅಲ್ಲಿ ಮೂರನೆಯ ವರ್ಷವೆಂದರೆ ಪುಸ್ತಕ ಬಿಟ್ಟು ರೋಗಿಯ ಹಾಸಿಗೆಯ ಬಳಿ ನಿಲ್ಲುವ ವರ್ಷ! ನೋವನ್ನು ಕಂಡಷ್ಟೂ ಮನಸ್ಸು ಕರಗೀತೆಂದು ನಾವು ಎಣಿಸಿರುತ್ತೇವೆ. ನಿದ್ದೆಗೆಟ್ಟ ರಾತ್ರಿಪಾಳಿ, ಹಿರಿಯರ ಗದರಿಕೆ, ಮುಂದಿನ ಪರೀಕ್ಷೆಯ ಭಯ ಇವೆಲ್ಲ ಸೇರಿದಾಗ ರೋಗಿಯ ಹೆಸರಿಗಿಂತ ಹಾಸಿಗೆಯ ಸಂಖ್ಯೆಯೇ ಮೊದಲು ನೆನಪಾಗುವುದು ಅಚ್ಚರಿಯಲ್ಲ.

ಇದನ್ನು ಬಲ್ಲವರು ಹಿಂದೆಯೂ ಇದ್ದರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂದು ಹಂಬಲಿಸಿದರು. 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಅವರಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. 1963ರಲ್ಲಿ ಅದೇ ನಗರದಲ್ಲಿ ಸೇಂಟ್ ಜಾನ್ಸ್ ಆರಂಭವಾಯಿತು. ಅಲ್ಲಿ ಎಳೆಯ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಇರಿಸಿ ಅಲ್ಲಿನ ಬದುಕನ್ನು ಪರಿಚಯಿಸುವುದೂ, ಪದವಿಯ ನಂತರ ವೈದ್ಯರಿಲ್ಲದ ಊರುಗಳಲ್ಲಿ ದುಡಿಯುವ ಕರಾರು ಬರೆಸಿಕೊಳ್ಳುವುದೂ ರೂಢಿಗೆ ಬಂದವು. ಕರಾರಿನಿಂದ ಕರುಣೆ ಹುಟ್ಟೀತೇ ಎಂದು ಕೆಲವರು ಕೇಳಬಹುದು. ಹುಟ್ಟದಿರಬಹುದು, ಆದರೆ ಹುಟ್ಟಲು ಸ್ಥಳವಾದರೂ ಸಿಗುತ್ತದೆ.

ನಮ್ಮ ರಾಜ್ಯವೂ 2012ರ ಕಾಯ್ದೆಯ ಮೂಲಕ ಒಂದು ವರ್ಷದ ಸೇವೆಯನ್ನು ಕಡ್ಡಾಯ ಮಾಡಿತ್ತು. 2023ರ ತಿದ್ದುಪಡಿಯ ಬಳಿಕ ಅದು ಎಲ್ಲರಿಗೂ ಕಡ್ಡಾಯವಾಗಿ ಉಳಿದಿಲ್ಲ. ಹಳ್ಳಿಗೆ ಹೋಗುವುದು ಇನ್ನು ಬಹುಮಟ್ಟಿಗೆ ಆ ಯುವ ವೈದ್ಯರ ಮನಸ್ಸಿಗೆ ಬಿಟ್ಟದ್ದು, ನಮ್ಮ ಮನಸ್ಸಿಗೂ.

ಏಕೆಂದರೆ ರಜೆಗೆ ಬಂದ ಮಕ್ಕಳನ್ನು ಊಟದ ಹೊತ್ತಿನಲ್ಲಿ ನಾವು ಕೇಳುವುದೇನು? ಪಿ.ಜಿ. ಸೀಟು ಸಿಗುವುದೇ, ಯಾವ ವಿಭಾಗದಲ್ಲಿ ವರಮಾನ ಹೆಚ್ಚು ಎಂದು. ಸಾಲ ಮಾಡಿ ಓದಿಸಿದವರಿಗೆ ಆ ಪ್ರಶ್ನೆಯ ಹಕ್ಕಿಲ್ಲವೆನ್ನಲಾರೆವು. ಈ ಸಲ ವಾರ್ಡಿನಲ್ಲಿ ಯಾರನ್ನು ಕಂಡೆ, ಅವರು ಗುಣವಾಗಿ ಮನೆಗೆ ಹೋದರೇ ಎಂದು ಮಾತ್ರ ನಾವಿನ್ನೂ ಕೇಳಿಲ್ಲ.