ಆಟವೂ ಹೋಯಿತು, ಹೆಸರೂ ಹೋಯಿತು!

ಕುಂದಲಹಳ್ಳಿ: ಗೇಟಿನ ಸಿಗ್ನಲ್ಲಿನಲ್ಲಿ ಬಸ್ಸು ಕದಲದಿದ್ದರೆ ಪ್ರಯಾಣಿಕ ಏನು ಮಾಡಬೇಕು? ಕೈಯಲ್ಲಿ ಮೊಬೈಲ್, ಅದರಲ್ಲಿ ಚೆಸ್. ಎದುರಾಳಿ ನಡುಮನೆಯತ್ತ ಪೇದೆಗಳನ್ನು ನುಗ್ಗಿಸಿದಾಗ ನೀವು ಕಪ್ಪು ಕಾಯಿಯಲ್ಲಿ ಮೊದಲು ರಾಜನ ಕಡೆಯ ಕುದುರೆ ಎತ್ತಿ, ಆಮೇಲೆ ಅದರ ಜಾಗದ ಪೇದೆ ಒಂದು ಮನೆ, ಮೂರನೇ ನಡೆಗೆ ಮಂತ್ರಿಯ ಪೇದೆ ಎರಡು ಮನೆ ತಳ್ಳಿ ನೋಡಿ. ‘ಗ್ರುನ್‌ಫೆಲ್ಡ್’ ಅಂತ ಬರುತ್ತೆ!

ಯಾರಪ್ಪಾ ಈ ಗ್ರುನ್‌ಫೆಲ್ಡ್? ವಿಯೆನ್ನಾದ ಆಟಗಾರ. 1922ರಲ್ಲಿ ಈ ಆರಂಭ ಆಡಿ ಅಲೆಖಿನ್‌ನಂಥ ಘಟಾನುಘಟಿಯನ್ನೇ ಮಣಿಸಿದರು. ಹೆಸರು ಅವರದೇ ಆಯಿತು.

ಆದರೆ ಅದಕ್ಕೂ 67 ವರ್ಷ ಮೊದಲೇ, 1855ರ ಮೇ ತಿಂಗಳಲ್ಲಿ, ಕಲ್ಕತ್ತೆಯಲ್ಲಿ ಇದೇ ನಡೆಗಳನ್ನು ಆಡಿದವರೊಬ್ಬರಿದ್ದರು: ಮಹೇಶಚಂದ್ರ ಬ್ಯಾನರ್ಜಿ. ಎದುರಿಗೆ ಕೂತವರು ಬ್ಯಾರಿಸ್ಟರ್ ಜಾನ್ ಕಾಕ್ರೇನ್. (ಆ ಕಾಲದಲ್ಲೇ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಒಗಟು ಕಟ್ಟುತ್ತಿದ್ದರು.)

ಬ್ಯಾನರ್ಜಿ ದೇಸಿ ಚದುರಂಗದಲ್ಲಿ ಪಳಗಿದ ಕೈ. ಊರ ಕಟ್ಟೆಯ ಆಟ ಬಲ್ಲ ಹಿರಿಯರಿಗೆ ಗೊತ್ತು, ಅಲ್ಲಿ ಪೇದೆಗೆ ಮೊದಲ ನಡೆಯಲ್ಲೂ ಒಂದೇ ಮನೆ. ನಡುಮನೆ ಬೇಗ ಸಿಗೋದಿಲ್ಲ. ಅದಕ್ಕೇ ಒಂಟೆಯನ್ನು ಮೂಲೆಯ ಹತ್ತಿರ ಕೂರಿಸಿ ಉದ್ದದ ಓರೆ ಸಾಲು ಕಾಯುವುದು ರೂಢಿ. ಹೊಸ ನಿಯಮದ ಆಟಕ್ಕೆ ಬಂದರೂ ಬ್ಯಾನರ್ಜಿ ಅದನ್ನು ಬಿಡಲಿಲ್ಲ. ವ್ಯಾಪಾರಿಗಳಿಗೆ ಇದು ತಟ್ಟನೆ ಅರ್ಥವಾದೀತು: ಎದುರಿನವನು ಸರ್ಕಲ್ಲಿನಲ್ಲೇ ದೊಡ್ಡ ಮಳಿಗೆ ಹಾಕಲಿ ಬಿಡಿ, ಬಾಡಿಗೆ ಭಾರ ಅವನದು, ನಾವು ಅಡ್ಡರಸ್ತೆಯಿಂದ ಗಿರಾಕಿ ಎಳೆಯೋಣ!

ಆರಂಭವೇನೋ ಚೆನ್ನಾಗಿತ್ತು, ಕೆಟ್ಟದ್ದು ಆಮೇಲೆ. 17ನೇ ನಡೆಯಲ್ಲಿ ಬ್ಯಾನರ್ಜಿ ಕಾಕ್ರೇನರ ಒಂಟೆ ನುಂಗಿದರು. ಕಾಕ್ರೇನ್ ಕುದುರೆಯನ್ನು ಕಪ್ಪು ರಾಜನ ಬಾಗಿಲಿಗೇ ತಂದು ನಿಲ್ಲಿಸಿದರು. ಬ್ಯಾನರ್ಜಿ ಅದನ್ನು ಬಿಟ್ಟು ಬಿಳಿ ಮಂತ್ರಿಗೆ ಗುರಿಯಿಟ್ಟರು. ಮುಗಿಯಿತು ಕಥೆ! ಅಲ್ಲಿಂದ ಮೂರೇ ನಡೆಯಲ್ಲಿ ಮಾತ್. ಕುದುರೆ ಸರಿದರೆ ರಾಜ ಮೂಲೆಗೆ. ಮಂತ್ರಿಯನ್ನೇ ಪಕ್ಕಕ್ಕಿಟ್ಟು ಬಲಿ ಕೊಟ್ಟರೆ ಕಪ್ಪು ಆನೆ ಅದನ್ನು ಕಡಿಯಲೇಬೇಕು. ಕಡಿದು ಅಲ್ಲೇ ಕೂತ ಆನೆ ತನ್ನ ರಾಜನ ದಾರಿಯನ್ನೇ ಮುಚ್ಚುತ್ತದೆ. ಕುದುರೆ ಹಿಂದಿರುಗಿ ಬಂದು ಶಹ ಕೊಟ್ಟರೆ ರಾಜನಿಗೆ ಮಿಸುಕಲೂ ಜಾಗವಿಲ್ಲ.

ಗೆದ್ದಿದ್ದರೆ ಹೆಸರು ಉಳಿಯುತ್ತಿತ್ತೇ? ಯಾರು ಬಲ್ಲರು! ‘ಇಂಡಿಯನ್ ಡಿಫೆನ್ಸ್’ ಎಂಬ ಒಟ್ಟು ಹೆಸರೇನೋ ದೇಶಕ್ಕೆ ಸಿಕ್ಕಿದೆ, ಬ್ಯಾನರ್ಜಿಗೆ ಅದೂ ಇಲ್ಲ.

2010ರ ಏಪ್ರಿಲ್‌ನಲ್ಲಿ, ಸೋಫಿಯಾದ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟದಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿ ಹಿಡಿದು ಇದನ್ನೇ ಆಡಿ ಟೊಪಲೋವ್‌ಗೆ ಸೋತರು. ಕೊನೆಗೆ ಪಟ್ಟ ಉಳಿಸಿಕೊಂಡರು, ಅದು ಬೇರೆ ಮಾತು. ಆ ಆಟದ ದಾಖಲೆಯಲ್ಲೂ ಇರೋದು ಗ್ರುನ್‌ಫೆಲ್ಡ್ ಹೆಸರೇ.